ಆಳದ ಕಲ್ಲಿನ ನೀರು ಬೋರ್‌ವೆಲ್ಲಿಗೆ ಯಾಕೆ ಬರುವುದಿಲ್ಲ

ಬೇಸಗೆ ಬಿರುಸಾಗಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ತೋಟದ ಕೆರೆಗಳು ತಳ ಕಾಣತೊಡಗಿದಾಗಲೆಲ್ಲ ಕಾಸರಗೋಡಿನ ಮೊಬೈಲುಗಳಲ್ಲಿ ಒಂದು ಹಳೆಯ ಸುದ್ದಿ ಹೊಸದರಂತೆ ಓಡಾಡುತ್ತದೆ. ಭೂಮಿಯೊಳಗೆ ಸುಮಾರು 700 ಕಿಲೋಮೀಟರ್ ಆಳದಲ್ಲಿ, ಮೇಲಿನ ಎಲ್ಲ ಸಾಗರಗಳ ಮೂರು ಪಟ್ಟು ನೀರನ್ನು ವಿಜ್ಞಾನಿಗಳು ಕಂಡುಹಿಡಿದಿದ್ದಾರೆ ಎಂಬುದು ಅದರ ಒಕ್ಕಣೆ. ಓದಿದ ಕೃಷಿಕರಲ್ಲಿ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ: ಅಷ್ಟು ಆಳದ ಕಲ್ಲಿನಲ್ಲೇ ಅಷ್ಟೊಂದು ನೀರಿದ್ದರೆ, 600 ಅಡಿಗೆ ನಿಲ್ಲಿಸಿದ ಬೋರ್‌ವೆಲ್ಲನ್ನು 1,000 ಅಡಿಗೆ ಇಳಿಸಿದರೆ ತಪ್ಪೇನು? ಸುದ್ದಿಯ ಬೇರು ನಿಜವಾದ ಸಂಶೋಧನೆಯಲ್ಲಿದೆ; ಅದರಿಂದ ತೆಗೆದ ತೀರ್ಮಾನ ಮಾತ್ರ ಪೂರ್ತಿ ತಪ್ಪು. ಅಷ್ಟು ಆಳದ ಕಲ್ಲಿನ ನೀರು ದ್ರವವಾಗಿ ಕೆರೆಯಂತೆ ನಿಂತಿಲ್ಲ, ಖನಿಜಗಳ ಹರಳಿನ ರಚನೆಯೊಳಗೇ ಸೇರಿಹೋಗಿದೆ. ಅದಕ್ಕಿಂತ ಮುಖ್ಯವಾಗಿ, ಕಾಸರಗೋಡಿನ ಅಡಿಗಲ್ಲು ಆ ಬಗೆಯ ನೀರನ್ನೂ ಬಹುಪಾಲು ಕಳೆದುಕೊಂಡು ಒಣಗಿದ ಜಾತಿಯದು. ಇದನ್ನು ಊಹೆಯ ಮೇಲೆ ಹೇಳಬೇಕಾಗಿಲ್ಲ. ಇಂಥ ಕಲ್ಲುಗಳ ಹರಳುಗಳೊಳಗೆ ಸಿಕ್ಕಿಕೊಂಡಿರುವ, ಸೂಕ್ಷ್ಮದರ್ಶಕಕ್ಕೂ ಕಷ್ಟದಿಂದ ಕಾಣುವ ಇತರ ಹರಳುಗಳೂ ಗುಳ್ಳೆಗಳೂ ಅದಕ್ಕೆ ಸಾಕ್ಷಿಯಾಗಿವೆ.

ಮೊದಲು ಸುದ್ದಿಯ ಮೂಲವನ್ನು ನೋಡೋಣ. ಬ್ರೆಜಿಲ್‌ನ ಜುಯಿನಾ ಎಂಬಲ್ಲಿ ಹೊಳೆಯ ಜಲ್ಲಿಯಿಂದ ತೆಗೆದ, ಸುಮಾರು ಮೂರು ಮಿಲಿಮೀಟರಿನ, ಆಭರಣಕ್ಕೆ ಪ್ರಯೋಜನವಿಲ್ಲದ ಒಂದು ವಜ್ರದೊಳಗೆ ರಿಂಗ್‌ವುಡೈಟ್ ಎಂಬ ಖನಿಜದ ಕಣವಿರುವುದನ್ನು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಗ್ರಹಾಂ ಪಿಯರ್ಸನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದರು. ಕಣದ ಗಾತ್ರ ಮಿಲಿಮೀಟರಿನ ಇಪ್ಪತ್ತೈದನೆಯ ಒಂದು ಭಾಗ. ಸುಮಾರು 520ರಿಂದ 660 ಕಿಲೋಮೀಟರ್ ಆಳದ ಒತ್ತಡದಲ್ಲಷ್ಟೇ ಉಳಿಯುವ ಈ ಖನಿಜ ಅದುವರೆಗೆ ಉಲ್ಕೆಗಳಲ್ಲೂ ಪ್ರಯೋಗಾಲಯಗಳಲ್ಲೂ ಮಾತ್ರ ಸಿಕ್ಕಿತ್ತು. ಆ ಕಣದ ತೂಕದಲ್ಲಿ ಸುಮಾರು ಶೇಕಡಾ ಒಂದೂವರೆ ಭಾಗ ನೀರಿತ್ತು. 410ರಿಂದ 660 ಕಿಲೋಮೀಟರ್ ನಡುವಿನ ಪದರದ ಒಟ್ಟು ತೂಕ ಸಾಗರಗಳ ತೂಕದ ಸುಮಾರು 290 ಪಟ್ಟು. ಆ ಇಡೀ ಪದರದಲ್ಲಿ ಶೇಕಡಾ ಒಂದರಷ್ಟು ನೀರಿದೆ ಎಂದು ಭಾವಿಸಿ ಗುಣಿಸಿದರೆ ಹೆಚ್ಚುಕಡಿಮೆ ಮೂರು ಸಾಗರ ಬರುತ್ತದೆ. ಸುದ್ದಿ ಕೈಯಿಂದ ಕೈಗೆ ದಾಟುವಾಗ ಮೊದಲು ಉದುರಿಹೋದದ್ದು ಈ 'ಭಾವಿಸಿ'. ಬೋಟ್ಸ್ವಾನಾದ ಕರೋವೆ ಗಣಿಯ ವಜ್ರವೊಂದರಲ್ಲೂ ಇಂಥದೇ ಪುರಾವೆ 2022ರಲ್ಲಿ ಸಿಕ್ಕಿತು ಎಂಬುದು ನಿಜ. ಆದರೂ ನೀರು ಹೆಚ್ಚಿದಷ್ಟೂ ಏರುವ, ಆ ಪದರದ ವಿದ್ಯುತ್ ವಾಹಕತೆಯನ್ನು ಅಳೆದವರು ಅನೇಕ ಕಡೆ ಇದಕ್ಕಿಂತ ತೀರಾ ಕಡಿಮೆ ನೀರಿನ ಲೆಕ್ಕ ಕೊಟ್ಟಿದ್ದಾರೆ. ಆದ್ದರಿಂದ ಮೂರು ಸಾಗರವೆಂಬುದನ್ನು ಒಂದು ಗರಿಷ್ಠ ಸಾಧ್ಯತೆಯೆಂದು ತೆಗೆದುಕೊಳ್ಳುವುದು ಒಳ್ಳೆಯದು.

ಇನ್ನು ಕಲ್ಲಿನೊಳಗಿನ ನೀರು ಎಂದರೇನು ಎಂಬ ವಿಚಾರ. ಅಡಿಕೆ ತೋಟಕ್ಕೆ ಬೋರ್ಡೊ ದ್ರಾವಣ ಮಾಡುವವರಿಗೆ ಇದನ್ನು ವಿವರಿಸುವುದು ಸುಲಭ. ಆ ದ್ರಾವಣದ ಸುಣ್ಣಕ್ಕಾಗಿ ಸುಟ್ಟ ಚಿಪ್ಪಿಗೆ ಹದವಾಗಿ ನೀರು ಹಾಕಿದರೆ ಅದು ಕುದಿದು, ಅರಳಿ, ಕೊನೆಗೆ ಕೈಗೆ ಒಂದಿಷ್ಟೂ ಪಸೆ ತಾಗದ ಬಿಳಿಯ ಹುಡಿಯಾಗುತ್ತದೆ. ಆ ಒಣ ಹುಡಿಯ ತೂಕದಲ್ಲಿ ಕಾಲು ಭಾಗದಷ್ಟು ನೀರೇ ಇದೆ, ಆದರೆ ಹಿಂಡಿದರೆ ಒಂದು ಹನಿಯೂ ಬಾರದು. ಅದನ್ನು ಹೊರಗೆ ತರಬೇಕಾದರೆ ಸುಮಾರು 500 ಡಿಗ್ರಿಗೆ ಕಾಯಿಸಬೇಕು. ನೀರಿನ ಅಣು ಒಡೆದು, ಒಂದು ಆಮ್ಲಜನಕಕ್ಕೆ ಒಂದು ಜಲಜನಕ ಅಂಟಿದ ಹೈಡ್ರಾಕ್ಸಿಲ್ ರೂಪದಲ್ಲಿ ಹರಳಿನೊಳಗೆ ಕೂತಿರುವುದೇ ಇದಕ್ಕೆ ಕಾರಣ. ನಮ್ಮ ಮುರಕಲ್ಲಿನಲ್ಲೂ (ಲ್ಯಾಟರೈಟ್) ಇದೇ ಕಥೆ. ಅದಕ್ಕೆ ಕಂದು ಬಣ್ಣ ಕೊಡುವ ಗೊಯೆಥೈಟ್‌ನಲ್ಲಿ ಶೇಕಡಾ 10, ಮುರಕಲ್ಲಿನ ಅಡಿಯ ಶೇಡಿ ಎಂಬ ಬಿಳಿಯ ಜೇಡಿಮಣ್ಣಿನ ಕಯೊಲಿನೈಟ್‌ನಲ್ಲಿ ಶೇಕಡಾ 14, ಕಾರಡ್ಕದ ಕಡೆಯ ಬಾಕ್ಸೈಟಿನಂಥ ಅದಿರುಗಳಲ್ಲಿರುವ ಗಿಬ್‌ಸೈಟ್‌ನಲ್ಲಿ ಶೇಕಡಾ 34ಕ್ಕೂ ಮಿಕ್ಕಿ ಇಂಥ ನೀರಿದೆ. ಪ್ರಮಾಣವೊಂದನ್ನೇ ನೋಡುವುದಾದರೆ ರಿಂಗ್‌ವುಡೈಟ್‌ನ ಒಂದೂವರೆ ಶೇಕಡಾ ಕಾಸರಗೋಡಿನ ಗುಡ್ಡೆಯ ಮಣ್ಣಿನ ಮುಂದೆ ಏನೇನೂ ಅಲ್ಲ. ಆದರೂ ಬಾಕ್ಸೈಟ್ ಕುದಿಸಿ ನೀರು ಕುಡಿಯೋಣ ಎಂದು ಯಾರೂ ಹೊರಡುವುದಿಲ್ಲ.

ಹಾಗಾದರೆ ಆಳಕ್ಕೆ ಈ ನೀರು ಹೋದದ್ದು ಹೇಗೆ? ಸಾಗರದ ತಳದ ಬಸಾಲ್ಟ್ ಎಂಬ ಲಾವಾಶಿಲೆ ಕೋಟ್ಯಂತರ ವರ್ಷ ಉಪ್ಪುನೀರಿನಲ್ಲಿ ನೆನೆದು, ಬಿರುಕುಗಳಲ್ಲಿ ಕ್ಲೋರೈಟ್, ಅದರಡಿಯ ಶಿಲೆಯಲ್ಲಿ ಸರ್ಪೆಂಟೈನ್ ಮುಂತಾದ ನೀರು ಹಿಡಿಯುವ ಖನಿಜಗಳಾಗಿ ಮಾರ್ಪಡುತ್ತದೆ. ಇವೆರಡರಲ್ಲೂ ಶೇಕಡಾ 12ರ ಆಸುಪಾಸು ನೀರಿರುತ್ತದೆ. ಇಂಥ ಕಲ್ಲಿನ ಭೂಫಲಕ, ಅಂದರೆ ಭೂಮಿಯ ಹೊರಚಿಪ್ಪಿನ ಚಲಿಸುವ ದೊಡ್ಡ ತುಂಡು, ಇನ್ನೊಂದರ ಅಡಿಗೆ ಜಾರಿದಾಗ ಒತ್ತಡ ಬೇಗ ಏರುತ್ತದೆ, ತಣ್ಣಗಿನ ಕಲ್ಲು ಕಾಯುವುದು ನಿಧಾನ. ಅಧಿಕ ಒತ್ತಡದ ರೂಪಾಂತರ ಶಿಲೆಗಳು ಹುಟ್ಟುವುದು ಈ ಸನ್ನಿವೇಶದಲ್ಲೇ. ಮೊದಲು ಗ್ಲಾಕೊಫೇನ್ ಎಂಬ ನೀಲಿ ಖನಿಜದಿಂದಾಗಿ ನೀಲಿ ಛಾಯೆಯ ಬ್ಲೂಶಿಸ್ಟ್, ಇನ್ನೂ ಕೆಳಗೆ ಕೆಂಪು ಗಾರ್ನೆಟ್ ಮತ್ತು ಹಸುರು ಓಂಫಸೈಟ್ ಸೇರಿದ ಎಕ್ಲೊಗೈಟ್. ಈ ದಾರಿಯ ದೊಡ್ಡ ಜಲವಾಹಕ ಲಾಸನೈಟ್ ಎಂಬ ಖನಿಜ. ತೂಕದ ಶೇಕಡಾ 11.5ರಷ್ಟು ನೀರು ಹೊತ್ತುಕೊಂಡು, ಫಲಕ ಸಾಕಷ್ಟು ತಣ್ಣಗಿದ್ದರೆ 200 ಕಿಲೋಮೀಟರ್ ದಾಟಿಯೂ ಇದು ಇಳಿಯಬಲ್ಲದು. ಭಾರತದಲ್ಲಿ ನಾಗಾಲ್ಯಾಂಡಿನಲ್ಲೂ ಲಡಾಖಿನ ಶೆರ್ಗೋಲ್ ಬಳಿಯೂ ಲಾಸನೈಟ್ ಇರುವ ಬ್ಲೂಶಿಸ್ಟ್ ದೊರೆತಿದೆ.

ಎಲ್ಲ ನೀರೂ ಕೆಳಗೆ ತಲುಪುವುದಿಲ್ಲ. ಬ್ಲೂಶಿಸ್ಟ್ ಎಕ್ಲೊಗೈಟಾಗಿ ಬದಲಾಗುವಾಗ ಹೆಚ್ಚಿನ ಪಾಲು ಬಿಡುಗಡೆಯಾಗಿ ಮೇಲಕ್ಕೇರುತ್ತದೆ; ಮೇಲಿನ ಬಿಸಿ ಶಿಲೆಗೆ ನೀರು ಸೇರಿದಾಗ ಅದು ಕರಗುವ ಉಷ್ಣತೆ ತಗ್ಗಿ ಜ್ವಾಲಾಮುಖಿಗಳಿಗೆ ಮೂಲವಾಗುತ್ತದೆ. ಅಂಡಮಾನಿನ ಬ್ಯಾರನ್ ದ್ವೀಪದ ಬೆಂಕಿಬೆಟ್ಟ ಈ ಬಗೆಯದೇ. 70 ಕಿಲೋಮೀಟರಿಗಿಂತ ಆಳದಲ್ಲಿ ಕಲ್ಲು ಒಡೆಯದೆ ಬಾಗಬೇಕಾದಲ್ಲೂ ಭೂಕಂಪಗಳಾಗುವುದಕ್ಕೆ ಖನಿಜಗಳು ಹೀಗೆ ನೀರು ಬಿಡುವುದೇ ಕಾರಣವೆಂದು ಹಲವರು ವಾದಿಸುತ್ತಾರೆ. ಎಲ್ಲ ಫಲಕಗಳೂ ಕೂಡಿ ವರ್ಷಕ್ಕೆ ಒಯ್ಯುವ ನೀರು ಸುಮಾರು ಒಂದು ಘನ ಕಿಲೋಮೀಟರ್ ಎಂದೂ, ಅದರ ಮೂರನೆಯ ಒಂದು ಭಾಗ 240 ಕಿಲೋಮೀಟರ್ ದಾಟುತ್ತದೆಂದೂ 2011ರ ಒಂದು ಲೆಕ್ಕ. ಮರಿಯಾನಾ ಕಂದಕದ ಭೂಕಂಪ ತರಂಗಗಳನ್ನು ಓದಿದ ಇನ್ನೊಂದು ತಂಡ 2018ರಲ್ಲಿ ಅಲ್ಲಿ ಹಿಂದೆಣಿಸಿದ್ದಕ್ಕಿಂತ ಬಹಳ ಹೆಚ್ಚು ನೀರು ಇಳಿಯುತ್ತಿದೆ ಎಂದಿತು. ಇಷ್ಟು ಅಂತರ ಬರುವುದೇಕೆಂದರೆ ಇಳಿಯುತ್ತಿರುವ ಕಲ್ಲನ್ನು ಯಾರೂ ಕೈಯಲ್ಲಿ ಹಿಡಿದು ನೋಡಲಾಗದು. ಇಳಿದು, ಹೇಗೋ ಮರಳಿ ಮೇಲೆ ಬಂದ ಕಲ್ಲುಗಳಷ್ಟೇ ನಮಗೆ ಲಭ್ಯ, ಮತ್ತು ಅವುಗಳಲ್ಲಿ ಹೆಚ್ಚಿನವು ಬರುವ ದಾರಿಯಲ್ಲಿ ಹಳೆಯ ಗುರುತುಗಳನ್ನು ಅಳಿಸಿಕೊಂಡಿರುತ್ತವೆ.

ಒಳಸೇರಿದ ಹರಳುಗಳಿಗೆ ಇಷ್ಟು ಬೆಲೆ ಬಂದಿರುವುದು ಅದಕ್ಕಾಗಿಯೇ. ಗಾರ್ನೆಟ್ ನಡುವಿನಿಂದ ಹೊರಕ್ಕೆ ಪದರ ಪದರವಾಗಿ ಬೆಳೆಯುವ ಖನಿಜ. ಬೆಳೆಯುತ್ತ ಅಕ್ಕಪಕ್ಕದ ಚಿಕ್ಕ ಹರಳುಗಳನ್ನು ತನ್ನೊಳಗೆ ನುಂಗಿಕೊಳ್ಳುತ್ತದೆ. ಅದು ಗಟ್ಟಿ, ಸುಲಭವಾಗಿ ಸೀಳದು, ಅದರ ಮೂಲಕ ಬೇರೆ ಧಾತುಗಳು ಹಾಯುವುದೂ ಬಹಳ ನಿಧಾನ. ಆದ್ದರಿಂದ ಒಂದು ಗಾರ್ನೆಟ್ಟಿನ ನಡುಭಾಗದಲ್ಲಿ ಕ್ಲೋರೈಟ್, ಗ್ಲಾಕೊಫೇನ್‌ಗಳೂ ಅಂಚಿನ ಭಾಗದಲ್ಲಿ ಓಂಫಸೈಟ್, ರೂಟೈಲ್‌ಗಳೂ ಇದ್ದರೆ, ಆ ಕಲ್ಲು ಯಾವ ಯಾವ ಹಂತ ದಾಟಿ ಇಳಿಯಿತೆಂಬುದನ್ನು ಕ್ರಮವಾಗಿ ಓದಬಹುದು. ಹೊರಗಿನ ಓಂಫಸೈಟ್ ಎಲ್ಲವೂ ಹಿಂದಿರುಗುವಾಗ ನೀರು ತಾಗಿ ಬೇರೆಯಾಗಿದ್ದರೂ ಗಾರ್ನೆಟ್ಟಿನ ಒಳಗಿನದು ಹಾಗೇ ಇರುತ್ತದೆ. ಲಾಸನೈಟ್ ಮಾತ್ರ ಒಳಗಿದ್ದೂ ಉಳಿಯುವುದು ಅಪರೂಪ. ಹೆಚ್ಚಿನ ಕಡೆ ಅದರ ಚೌಕಾಕಾರದ ಅಚ್ಚು ಉಳಿದಿರುತ್ತದೆ, ಒಳಗೆ ಎಪಿಡೋಟ್ ಜಾತಿಯ ಖನಿಜ ಮತ್ತು ಬಿಳಿ ಅಭ್ರಕ ತುಂಬಿರುತ್ತವೆ. ಆಕಾರವನ್ನು ನೋಡಿ ಹಿಂದಿದ್ದ ಖನಿಜವನ್ನೂ ಅದರ ಜೊತೆ ಹೋದ ನೀರಿನ ಪ್ರಮಾಣವನ್ನೂ ಲೆಕ್ಕ ಹಾಕುವುದು ಈ ಕ್ಷೇತ್ರದ ನಿತ್ಯದ ಕೆಲಸ.

ಈ ವಿಧಾನದ ಶಕ್ತಿ ಜಗತ್ತಿಗೆ ತಿಳಿದದ್ದು 1984ರಲ್ಲಿ. ಇಟಲಿಯ ಆಲ್ಪ್ಸ್‌ನ ಡೋರಾ ಮೈರಾ ಎಂಬಲ್ಲಿ ಕ್ರಿಶ್ಚಿಯನ್ ಶೋಪಿನ್, ನಾರ್ವೆಯಲ್ಲಿ ಡೇವಿಡ್ ಸ್ಮಿತ್, ಇಬ್ಬರೂ ಬೇರೆಬೇರೆಯಾಗಿ ಅದೇ ವರ್ಷ ಕೋಸೈಟ್ ಎಂಬ ಖನಿಜವನ್ನು ಇಂಥ ಶಿಲೆಗಳಲ್ಲಿ ತೋರಿಸಿಕೊಟ್ಟರು. ಮರಳಿನ ಕಣವಾದ ಕ್ವಾರ್ಟ್ಜ್‌ನ ರಾಸಾಯನಿಕ ಸಂಯೋಜನೆಯೇ ಇದರದೂ, ಆದರೆ ವಾತಾವರಣದ ಸುಮಾರು 27,000 ಪಟ್ಟು ಒತ್ತಡ, ಅಂದರೆ 90 ಕಿಲೋಮೀಟರಿನಷ್ಟು ಆಳ ಸಿಕ್ಕಿದರಷ್ಟೇ ಅದು ಕೋಸೈಟ್ ಆಗುತ್ತದೆ. ಅಲ್ಲಿಯವರೆಗೆ ಇದು ಪ್ರಯೋಗಾಲಯದ ಹಾಗೂ ಉಲ್ಕೆ ಬಿದ್ದ ಕುಳಿಗಳ ಖನಿಜವೆಂದೇ ಹೆಚ್ಚಾಗಿ ಪರಿಚಿತವಾಗಿತ್ತು. ಹಗುರವಾದ ಭೂಖಂಡದ ಕಲ್ಲು ಅಷ್ಟು ಆಳಕ್ಕೆ ಹೋಗಿ ಮರಳೀತೆಂದು ನಂಬಿದವರು ವಿರಳ. ಮೇಲೆ ಬರುವಾಗ ಕೋಸೈಟ್ ಕ್ವಾರ್ಟ್ಜ್ ಆಗಿ ಹಿಂದಿರುಗಿದರೆ ಗಾತ್ರ ಶೇಕಡಾ 10ರಷ್ಟು ಉಬ್ಬುತ್ತದೆ, ಸುತ್ತಲಿನ ಗಾರ್ನೆಟ್ಟಿನಲ್ಲಿ ಕಿರಣಗಳಂತೆ ಬಿರುಕು ಹರಡುತ್ತದೆ. ಆ ಬಿರುಕುಗಳ ನಡುವೆ ಅಳಿದುಳಿದ ತುಣುಕನ್ನು ಗುರುತಿಸಿಕೊಡುವುದು, ಹರಳಿನಿಂದ ಚದುರಿದ ಬೆಳಕನ್ನು ಬಿಡಿಸಿ ನೋಡುವ ರಾಮನ್ ರೋಹಿತ: ಸೆಂಟಿಮೀಟರಿಗೆ ಇಷ್ಟು ಅಲೆ ಎಂಬ ಅಳತೆಯಲ್ಲಿ ಕ್ವಾರ್ಟ್ಜ್ 464ರಲ್ಲಿ, ಕೋಸೈಟ್ 521ರಲ್ಲಿ ಗೆರೆ ಕೊಡುತ್ತದೆ. ಹರಳುಗಳ ಮೇಲೆ ಅಪಾರ ಮೋಹವಿದ್ದ ಸಿ. ವಿ. ರಾಮನ್ ಅವರು 1928ರಲ್ಲಿ ಕಂಡ ಪರಿಣಾಮ ಈಗ ಕಲ್ಲಿನ ಆಳ ಅಳೆಯುವ ಕೋಲಾಗಿರುವುದು ನಮ್ಮವರು ನೆನೆಯಬೇಕಾದ ಸಂಗತಿ. ಲಡಾಖಿನ ತ್ಸೋ ಮೊರಿರಿ ಪ್ರದೇಶದ ಎಕ್ಲೊಗೈಟುಗಳಲ್ಲಿ ಈ ಶತಮಾನದ ಆರಂಭದಲ್ಲಿ ಭಾರತೀಯ ಸಂಶೋಧಕರು ಕೋಸೈಟ್ ಕಂಡರು. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಉತ್ತರದ ಅಂಚು ಏಷ್ಯಾದ ಅಡಿಗೆ 90 ಕಿಲೋಮೀಟರಿಗಿಂತಲೂ ಆಳ ಮುಳುಗಿ ಮೇಲೆದ್ದಿದೆ ಎಂಬುದಕ್ಕೆ ಅದು ನೇರ ಪುರಾವೆ.

ಕೋಸೈಟ್ ಆಳವನ್ನು ಹೇಳುತ್ತದೆ, ನೀರಿನ ವಿಚಾರ ಅದಕ್ಕಿಂತ ತೊಡಕಿನದು. ಗಾರ್ನೆಟ್, ಓಂಫಸೈಟ್‌ಗಳ ರಾಸಾಯನಿಕ ಸೂತ್ರದಲ್ಲಿ ನೀರಿಗೆ ಜಾಗವೇ ಇಲ್ಲ. ಆದರೂ ಹರಳಿನಲ್ಲಿ ಸಿಲಿಕಾನ್ ತಪ್ಪಿಹೋದ ಜಾಗದಲ್ಲಿ ನಾಲ್ಕು ಹೈಡ್ರಾಕ್ಸಿಲ್ ಕೂರುವಂಥ ಲೋಪಗಳ ಮೂಲಕ ಒಂದಿಷ್ಟು ನೀರು ಒಳನುಗ್ಗುತ್ತದೆ ಎಂದು ಇನ್‌ಫ್ರಾರೆಡ್ ಅಳತೆ ತೋರಿಸಿದೆ. 1992ರಲ್ಲಿ ಡೇವಿಡ್ ಬೆಲ್ ಮತ್ತು ಜಾರ್ಜ್ ರಾಸ್‌ಮನ್ ಇಂಥ 'ಒಣ' ಖನಿಜಗಳೇ, ಭೂಮಿಯ ಹೊರಚಿಪ್ಪಿನ ಅಡಿಯ ದಪ್ಪ ಶಿಲಾಪದರವಾದ ಮ್ಯಾಂಟಲ್‌ನ ದೊಡ್ಡ ನೀರಿನ ಉಗ್ರಾಣವಾಗಿರಬಹುದೆಂದು ವಾದಿಸಿದ ಮೇಲೆ ಈ ಅಳತೆಗಳಿಗೆ ವೇಗ ಬಂತು. ಎಕ್ಲೊಗೈಟಿನ ಓಂಫಸೈಟ್‌ನಲ್ಲಿ ಹತ್ತು ಲಕ್ಷಕ್ಕೆ ನೂರಾರು ಭಾಗ, ಕೆಲವೊಮ್ಮೆ ಸಾವಿರ ಮೀರಿ ನೀರು ಸಿಕ್ಕಿದೆ. ಗಾರ್ನೆಟ್ಟಿನಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ, ಆದರೆ ಹೇಳುವವರಿಂದ ಹೇಳುವವರಿಗೆ ಅಂಕಿ ತುಂಬ ಬದಲಾಗುತ್ತದೆ. ಈ ಬದಲಾವಣೆ ಬರಿಯ ಅಳತೆಯ ದೋಷವೆಂದು ನನಗನ್ನಿಸುವುದಿಲ್ಲ. ಒಳಸೇರಿದ ಹರಳುಗಳಿಗೂ ನೀರಿಗೂ ಇರುವ ನಂಟು ಸ್ಪಷ್ಟವಾಗಿ ಕಾಣುವುದು ಇಲ್ಲೇ.

ಒಂದು ಸರಳ ಲೆಕ್ಕ ಹಾಕಿ ನೋಡಿ. ಗಾರ್ನೆಟ್ಟಿನೊಳಗೆ ತೂಕದ ಸಾವಿರದಲ್ಲಿ ಒಂದು ಭಾಗದಷ್ಟು ಕ್ಲೋರೈಟ್ ಧೂಳಿನಂತೆ ಹರಡಿದೆ ಎನ್ನೋಣ. ಕ್ಲೋರೈಟಿನ ಶೇಕಡಾ 12 ನೀರು, ಆದ್ದರಿಂದ ಇಡೀ ಗಾರ್ನೆಟ್ಟಿಗೆ ಹತ್ತು ಲಕ್ಷದಲ್ಲಿ 120 ಭಾಗ ನೀರು ಬಂದಂತಾಯಿತು. ಗಾರ್ನೆಟ್ಟಿನ ಸ್ವಂತ ನೀರು 100 ಭಾಗವೇ ಆಗಿದ್ದರೆ ಅಳತೆ ಎರಡು ಪಟ್ಟು ಮೀರುತ್ತದೆ. ಇನ್‌ಫ್ರಾರೆಡ್ ಕಿರಣದ ಅಗಲ ಸಾಮಾನ್ಯವಾಗಿ ಮಿಲಿಮೀಟರಿನ ನೂರರಲ್ಲಿ ಕೆಲವು ಭಾಗ. ಅದಕ್ಕಿಂತ ಎಷ್ಟೋ ಚಿಕ್ಕ ಕಣಗಳನ್ನು ಅದು ಬೇರ್ಪಡಿಸಿ ಹೇಳಲಾರದು. ಹರಳಿನ ಲೋಪದಲ್ಲಿ ಕೂತ ಹೈಡ್ರಾಕ್ಸಿಲ್ ಚೂಪಾದ ಗೆರೆ ಕೊಡುತ್ತದೆ, ಸೂಕ್ಷ್ಮ ಗುಳ್ಳೆಗಳ ದ್ರವ ನೀರು ಅದೇ ಅಲೆ ಅಳತೆಯ 3,400ರ ಸುತ್ತ ಅಗಲವಾದ ಉಬ್ಬು ಕೊಡುತ್ತದೆ ಎಂಬ ಗುರುತಿದ್ದರೂ ಎರಡೂ ಒಂದರ ಮೇಲೊಂದು ಬಿದ್ದಾಗ ಬಿಡಿಸುವುದು ಕಷ್ಟ. ಅಷ್ಟಾದ ಮೇಲೂ ಮೂಲಪ್ರಶ್ನೆ ಉಳಿಯುತ್ತದೆ. ಆ ಕ್ಲೋರೈಟ್ ಧೂಳು ಆಳದಲ್ಲೇ ಗಾರ್ನೆಟ್ಟಿನೊಳಗೆ ಸಿಕ್ಕಿದ್ದಾದರೆ ಅದನ್ನೂ ಕೆಳಗೆ ಹೋದ ನೀರೆಂದೇ ಎಣಿಸಬೇಕು, ಏಕೆಂದರೆ ಗಾರ್ನೆಟ್ಟಿನ ರಕ್ಷಣೆಯಲ್ಲಿ ಅದು ತನ್ನ ಮಿತಿಗಿಂತ ಆಳಕ್ಕೆ ಇಳಿಯಬಲ್ಲದು. ಕಲ್ಲು ಮೇಲೆ ಬರುವಾಗ ಬಿರುಕಿನಿಂದ ನೀರು ನುಗ್ಗಿ ಹುಟ್ಟಿದ್ದಾದರೆ ಅದನ್ನು ಲೆಕ್ಕದಿಂದ ತೆಗೆಯಬೇಕು. ಇನ್ನೊಂದು ಕಡೆಯಿಂದ ತದ್ವಿರುದ್ಧ ತಪ್ಪೂ ಸಾಧ್ಯ: ಜಲಜನಕ ಬಿಸಿಯಾದ ಹರಳಿನಿಂದ ಬೇಗ ಪಾರಾಗುವ ಧಾತು, ಹಾಗಾಗಿ ಮೇಲೇರುವ ದಾರಿಯಲ್ಲಿ ಸ್ವಂತ ನೀರಿನ ಒಂದಂಶ ಕಳೆದುಹೋಗಿರಬಹುದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಣದ ಅಂಚನ್ನು, ಅದು ಬಿರುಕಿಗೆ ತಾಗಿದೆಯೇ ಇಲ್ಲವೇ ಎಂಬುದನ್ನು ನೋಡದೆ ಬರಿಯ ಒಟ್ಟು ಅಂಕಿಯನ್ನು ಪ್ರಕಟಿಸುವ ಲೇಖನಗಳನ್ನು ನಾನು ಅಷ್ಟಾಗಿ ನೆಚ್ಚುವುದಿಲ್ಲ.

ಚೀನಾದವರು ದೋಂಗ್‌ಹಾಯ್ ಎಂಬಲ್ಲಿ ಇಂಥ ಅತ್ಯಧಿಕ ಒತ್ತಡದ ಶಿಲೆಗಳ ನಡುವೆಯೇ 2001ರಿಂದ 2005ರವರೆಗೆ 5,158 ಮೀಟರ್ ಆಳದ ರಂಧ್ರ ಕೊರೆದರು. ಅವರ ಉದ್ದೇಶ ನೀರು ತೆಗೆಯುವುದಾಗಿರಲಿಲ್ಲ, ಕೆಡದ ಕಲ್ಲಿನ ಸಾಲು ಮಾದರಿ ಪಡೆಯುವುದಾಗಿತ್ತು. ಒಂದು ಘನ ಮೀಟರ್ ಎಕ್ಲೊಗೈಟ್ ಸುಮಾರು 3,400 ಕಿಲೋ ತೂಗುತ್ತದೆ. ಅದರಲ್ಲಿ ಹತ್ತು ಲಕ್ಷಕ್ಕೆ 1,000 ಭಾಗ ನೀರಿದ್ದರೂ ಒಟ್ಟು ಮೂರೂವರೆ ಲೀಟರಿಗಿಂತ ಕಡಿಮೆ, ಅದೂ ಕಲ್ಲನ್ನು ಕರಗಿಸುವಷ್ಟು ಕಾಯಿಸಿದರೆ.

ಈಗ ನಮ್ಮ ಕಡೆಯ ಕಲ್ಲಿಗೆ ಬರೋಣ. ಕಾಸರಗೋಡಿನ ಪೂರ್ವದ ಗುಡ್ಡಗಳಲ್ಲಿ ಜಲ್ಲಿ ಕ್ರಷರುಗಳಿಗೆ ಹೋಗುವ ಕಪ್ಪು ಕಲ್ಲಿನ ಬಹುಭಾಗ ಪಟ್ಟೆಪಟ್ಟೆಯಾದ ನೈಸ್ ಎಂಬ ಶಿಲೆ ಮತ್ತು ಚಾರ್ನೊಕೈಟ್. ಕೋಸೈಟ್ ಹುಟ್ಟುವ ಆಳಕ್ಕೆ ಇವು ಹೋದವಲ್ಲ. 20ರಿಂದ 30 ಕಿಲೋಮೀಟರ್ ಆಳದಲ್ಲಿ, ಆದರೆ 700 ಡಿಗ್ರಿ ಮೀರಿದ ಬಿಸಿಯಲ್ಲಿ ಬೆಂದ ಗ್ರಾನ್ಯುಲೈಟ್ ಜಾತಿಯವು. ಅಷ್ಟು ಬಿಸಿಯಲ್ಲಿ ನೀರು ಹಿಡಿದ ಕಪ್ಪು ಅಭ್ರಕವೂ ಹಾರ್ನ್‌ಬ್ಲೆಂಡೂ ಒಡೆದು ನೀರಿಲ್ಲದ ಪೈರಾಕ್ಸೀನ್ ಮತ್ತು ಫೆಲ್ಡ್‌ಸ್ಪಾರ್ ಆಗುತ್ತವೆ, ಬಿಟ್ಟ ನೀರು ಕರಗಿದ ಶಿಲಾಪಾಕದೊಡನೆ ಹೊರಟುಹೋಗುತ್ತದೆ. ಚಾರ್ನೊಕೈಟ್ ಎಂದರೆ ಹೀಗೆ ಒಣಗಿದ ಕಲ್ಲು. ಕೋಲ್ಕತ್ತಾದಲ್ಲಿರುವ ಜಾಬ್ ಚಾರ್ನಾಕ್‌ನ ಗೋರಿಗೆ ಮದರಾಸಿನ ಕಡೆಯಿಂದ ಒಯ್ದಿದ್ದ ಕಲ್ಲನ್ನು ನೋಡಿ ಭೂವಿಜ್ಞಾನಿ ಥಾಮಸ್ ಹಾಲೆಂಡ್ ಅದಕ್ಕೆ ಆ ಹೆಸರಿಟ್ಟರು. ಗೋರಿಯೊಳಗೆ ಮಲಗಿದ ವ್ಯಾಪಾರಿಗೆ ಭೂವಿಜ್ಞಾನದಲ್ಲಿ ಇಷ್ಟು ದೊಡ್ಡ ಜಾಗ ಸಿಕ್ಕಿದ್ದು ಕಲ್ಲಿನ ದೆಸೆಯಿಂದ.

ಒಣಗುವುದು ಹೇಗೆ ನಡೆಯಿತೆಂಬ ಚರ್ಚೆಗೆ ಕನ್ನಡನಾಡಿನದೇ ಒಂದು ಊರು ಜಗತ್ಪ್ರಸಿದ್ಧ. ಕನಕಪುರ ತಾಲೂಕಿನ ಕಬ್ಬಾಳದ ಕಲ್ಲುಕೋರೆಯಲ್ಲಿ ಬೂದು ನೈಸ್‌ನ ನಡುವೆ ಗೆರೆಗಳಾಗಿ, ತೇಪೆಗಳಾಗಿ ಹಸುರುಗಪ್ಪು ಚಾರ್ನೊಕೈಟ್ ಹುಟ್ಟುತ್ತಿದ್ದ ಸ್ಥಿತಿಯಲ್ಲೇ ನಿಂತುಬಿಟ್ಟಿದೆ ಎಂದು ಮೈಸೂರಿನ ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು 1960ರಲ್ಲಿ ಬರೆದರು. ಅದರ ಪೂರ್ವದ ಹೊಸೂರಿನಿಂದ ಕೃಷ್ಣಗಿರಿ, ಧರ್ಮಪುರಿ ದಾರಿಯಲ್ಲಿ ದಕ್ಷಿಣಕ್ಕೆ ಹೋದರೆ ನೀರಿರುವ ಖನಿಜಗಳ ಕಲ್ಲು ಕ್ರಮೇಣ ಒಣ ಕಲ್ಲಾಗುವುದನ್ನು ಹೆದ್ದಾರಿಯ ಪಕ್ಕದಲ್ಲೇ ನೋಡಬಹುದು; ಗಡಿಯಾಚೆಯ ಕನ್ನಡಿಗರು ನಿತ್ಯ ಓಡಾಡುವ ಈ ದಾರಿ ಭೂವಿಜ್ಞಾನಿಗಳ ಯಾತ್ರಾಸ್ಥಳ. ಚಾರ್ನೊಕೈಟಿನ ಕ್ವಾರ್ಟ್ಜ್ ಹರಳುಗಳೊಳಗಿನ ಸೂಕ್ಷ್ಮ ಗುಳ್ಳೆಗಳಲ್ಲಿ ನೀರಿನ ಬದಲು ಒತ್ತಿ ತುಂಬಿದ ಇಂಗಾಲದ ಡೈಆಕ್ಸೈಡ್ ಸಿಕ್ಕಿದ್ದು ಈ ಚರ್ಚೆಯ ತಿರುವು. ಆಳದಿಂದ ಬಂದ ಆ ಅನಿಲವೇ ನೀರನ್ನು ಹೊರಗಟ್ಟಿತು ಎಂದು ಒಂದು ಪಕ್ಷ. ಶಿಲೆ ಭಾಗಶಃ ಕರಗಿ ನೀರನ್ನು ಹೀರಿಕೊಂಡು ಹೋಯಿತು, ಅನಿಲ ಉಳಿಕೆ ಮಾತ್ರ ಎಂದು ಇನ್ನೊಂದು ಪಕ್ಷ. ಎರಡನೆಯದಕ್ಕೆ ಬಲವಾದ ಪುರಾವೆ ಕೇರಳದ ದಕ್ಷಿಣದಿಂದಲೇ ಬಂತು. ಅಲ್ಲಿನ ಖೊಂಡಲೈಟ್ ಶಿಲೆಯ ಗಾರ್ನೆಟ್ಟುಗಳೊಳಗೆ ಕರಗಿದ ಶಿಲಾಪಾಕದ ಹನಿಗಳು ಗಾಜಾಗಿ, ಅತಿಸೂಕ್ಷ್ಮ ಗ್ರಾನೈಟಾಗಿ ಹೆಪ್ಪುಗಟ್ಟಿ ಉಳಿದಿರುವುದನ್ನು ಇಟಲಿಯ ಬರ್ನಾರ್ಡೊ ಚೆಸಾರೆ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದರು. ಕಲ್ಲು ನೀರನ್ನು ಕಳೆದುಕೊಳ್ಳುತ್ತಿದ್ದ ಗಳಿಗೆಯ ಆ ಹನಿಗಳು ಐವತ್ತು ಕೋಟಿಗೂ ಹೆಚ್ಚು ವರ್ಷ ಗಾರ್ನೆಟ್ಟಿನ ಕಾವಲಿನಲ್ಲಿ ಉಳಿದಿವೆ. ಎರಡೂ ಪಕ್ಷಗಳು ಒಪ್ಪುವ ವಿಷಯ ಒಂದೇ: ಉಳಿದ ಕಲ್ಲು ಒಣಕಲ್ಲು.

ಹಾಗಾದರೆ ಬೋರ್‌ವೆಲ್ಲಿನಲ್ಲಿ ಬರುವ ನೀರು ಯಾವುದು? ಅದು ಮಳೆಯದು, ಬೇರೆ ಮೂಲ ಇಲ್ಲ. ಒಣ ಕಗ್ಗಲ್ಲಿಗೆ ಸ್ವಂತ ರಂಧ್ರಗಳೇ ಇಲ್ಲವೆನ್ನುವಷ್ಟು ಕಡಿಮೆ. ಮೇಲಿನಿಂದ ಇಳಿದ ಮಳೆನೀರು ಅದರ ಬಿರುಕುಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಆಳ ಹೆಚ್ಚಿದಂತೆ ಮೇಲಿನ ಕಲ್ಲಿನ ಭಾರಕ್ಕೆ ಬಿರುಕುಗಳು ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ, ಸಂಖ್ಯೆಯೂ ಇಳಿಯುತ್ತದೆ. 600 ಅಡಿಯಿಂದ 1,000 ಅಡಿಗೆ ಹೋದವರಿಗೆ ಒಮ್ಮೊಮ್ಮೆ ನೀರು ಸಿಗುವುದೂ ನಿಜ. ಆದರೆ ಅದು ಎಲ್ಲಿಂದಲೋ ಓಡಿಬಂದ ಒಂದು ದೊಡ್ಡ ಬಿರುಕು ತಾಗಿದ್ದರಿಂದ ಸಿಕ್ಕಿದ್ದೇ ಹೊರತು ಆಳ ಹೆಚ್ಚಾದದ್ದರಿಂದ ಅಲ್ಲ. ಅಂಥ ಬಿರುಕು ಸಾವಿರಾರು ವರ್ಷದ ಸಂಗ್ರಹವೂ ಆಗಿರಬಹುದು, ಪಕ್ಕದವರ ಬೋರ್‌ವೆಲ್ಲಿನದೇ ನೀರೂ ಆಗಿರಬಹುದು. ಕೇಂದ್ರ ಅಂತರ್ಜಲ ಮಂಡಳಿಯ 2017ರ ಮೌಲ್ಯಮಾಪನದಲ್ಲಿ ಕಾಸರಗೋಡು ಬ್ಲಾಕ್ 'ಕ್ರಿಟಿಕಲ್' (ಬಳಕೆಯು ಮರುಪೂರಣವನ್ನು ಮುಟ್ಟುವ ಹಂತದ) ವರ್ಗಕ್ಕೆ ಸೇರಿತ್ತು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಹೀಗಾಗಿರುವುದಕ್ಕೆ ಮಳೆಯನ್ನು ದೂರಿ ಪ್ರಯೋಜನವಿಲ್ಲ. ಬೋರ್‌ವೆಲ್ ತೆಗೆಸಲೇಬೇಕಾದವರು ಆಳದ ಅಡಿ ಲೆಕ್ಕ ಹಾಕುವ ಬದಲು, ಬಿರುಕುಗಳ ಜಾಡನ್ನು ವಿದ್ಯುತ್ ರೋಧದ ಸರ್ವೆಯಿಂದ ಮೊದಲೇ ನೋಡಿಸುವುದು ಮೇಲು.

ನೀರನ್ನು ಹಿಡಿಯುವ ನಮ್ಮ ನಿಜವಾದ ಪದರ ಇರುವುದು ತೀರಾ ಮೇಲೆ. ಆಳದಲ್ಲಿ ನೀರು ಕಳೆದುಕೊಂಡ ಅದೇ ಚಾರ್ನೊಕೈಟ್, ನೈಸ್‌ಗಳು ನೆಲದ ಮೇಲೆ ಬಂದು ಲಕ್ಷಾಂತರ ಮಳೆಗಾಲಗಳಲ್ಲಿ ನೆನೆದು, ಪೈರಾಕ್ಸೀನ್ ಗೊಯೆಥೈಟಾಗಿ, ಫೆಲ್ಡ್‌ಸ್ಪಾರ್ ಕಯೊಲಿನೈಟಾಗಿ, ಇನ್ನೂ ಮುಂದುವರಿದಲ್ಲಿ ಗಿಬ್‌ಸೈಟಾಗಿ ಮರಳಿ ನೀರು ಸೇರಿಸಿಕೊಂಡಿವೆ. ಆ ಸೇರಿದ ನೀರು ಕುಡಿಯಲು ಬಾರದು, ಆದರೆ ಈ ಬದಲಾವಣೆಯಲ್ಲಿ ಸುಣ್ಣ, ಸೋಡಿಯಂ, ಸಿಲಿಕಾ ಕರಗಿಹೋಗಿ ಕಲ್ಲು ತೂತುತೂತಾಯಿತು. ಮುರಕಲ್ಲಿನ ಗಾತ್ರದಲ್ಲಿ ಐದನೆಯ ಒಂದು ಭಾಗ ಖಾಲಿಯಿದ್ದರೂ ಘನ ಮೀಟರಿಗೆ 200 ಲೀಟರ್ ಹಿಡಿಯಬಲ್ಲದು. ಮೇಲೆ ಹೇಳಿದ ಎಕ್ಲೊಗೈಟಿನ ಮೂರೂವರೆ ಲೀಟರಿನ ಜೊತೆ ಹೋಲಿಸಿ ನೋಡಿ. ಅದರ ಅಡಿಯ ಶೇಡಿ ಮಣ್ಣು ನೀರನ್ನು ಸುಲಭವಾಗಿ ಕೆಳಗೆ ಬಿಡದ ಕಾರಣ ಎರಡರ ಸಂಧಿಯಲ್ಲಿ ನೀರು ಅಡ್ಡಕ್ಕೆ ಹರಿಯುತ್ತದೆ. ಬಾಯಾರು, ಪೈವಳಿಕೆ, ಪಡ್ರೆಯ ಕಡೆ ಹಿರಿಯರು ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದದ್ದು ಈ ಹರಿವನ್ನು ಹಿಡಿಯುವುದಕ್ಕೆ. ಭೂವಿಜ್ಞಾನದ ಪುಸ್ತಕವಿಲ್ಲದೆಯೂ ಅವರು ಸರಿಯಾದ ಪದರವನ್ನೇ ಆರಿಸಿದ್ದರು.

ಈ ಪದರದ ದೋಷವೆಂದರೆ ಅದು ಬೇಗ ತುಂಬಿ ಬೇಗ ಬರಿದಾಗುತ್ತದೆ. ಜೂನ್, ಜುಲೈಯಲ್ಲಿ ಬಾವಿಕಟ್ಟೆಯವರೆಗೆ ಏರಿದ ನೀರು ಮಳೆ ನಿಂತ ಕೆಲವೇ ವಾರಗಳಲ್ಲಿ ತೋಡುಗಳ ಮೂಲಕ ಕಡಲಿಗೆ ಹೋಗುತ್ತದೆ, ಇಳಿಜಾರು ಕಡಿದಾದಷ್ಟೂ ಬೇಗ. ಹಾಗಾಗಿ ಸಂಗ್ರಹ ಎಷ್ಟಿದೆ ಎಂಬುದಕ್ಕಿಂತ ಹೊರಹೋಗುವ ವೇಗ ಎಷ್ಟು ಎಂಬುದೇ ಇಲ್ಲಿ ನಿರ್ಣಾಯಕ. ಗುಡ್ಡೆಯ ಮುರಕಲ್ಲನ್ನು ಯಂತ್ರ ಹಾಕಿ ಶೇಡಿಯವರೆಗೆ ಕಡಿದು ತೆಗೆದಲ್ಲಿ ನೀರು ಹಿಡಿಯುವ ಪಾತ್ರೆಯೇ ಇಲ್ಲವಾಗುತ್ತದೆ. ಕೆಳಗಿನ ಒಣ ಕಲ್ಲು ಅದರ ಬದಲಿಗೆ ನಿಲ್ಲಲಾರದು. ತೋಡಿಗೆ ಅಡ್ಡಲಾಗಿ ಕಟ್ಟ (ಒಡ್ಡು) ಹಾಕುವ ರೂಢಿ ಉಳಿದಿರುವ ಏತಡ್ಕದಂಥ ಕಡೆ ಮಳೆಗಾಲ ಮುಗಿದ ಮೇಲೆ ಸಾಲಾಗಿ ಕಟ್ಟಗಳನ್ನು ಕಟ್ಟುತ್ತಾರೆ. ತೋಡಿನಲ್ಲಿ ನೀರಿನ ಮಟ್ಟ ಏರಿದರೆ ಎರಡೂ ದಡದ ಮುರಕಲ್ಲಿನಿಂದ ಒಸರುವ ವೇಗ ತಗ್ಗುತ್ತದೆ, ಕಟ್ಟ ನಿಂತಿರುವಷ್ಟು ಕಾಲ ಸುತ್ತಲಿನ ಬಾವಿ, ಕೆರೆ, ಸುರಂಗಗಳ ಮಟ್ಟವೂ ನಿಲ್ಲುತ್ತದೆ.